ಶೇ 46 ಬಂತೆಂದು ಹಿಗ್ಗಬೇಡಿ

ಪ್ರಶ್ನೆ: 500 ಬೆಕೆರೆಲ್‌ನ (ಸೆಕೆಂಡಿಗೆ 500 ಪರಮಾಣು ಕ್ಷಯಿಸುವ) ಸ್ಟ್ರಾಂಷಿಯಂ-90 ವಿಕಿರಣ ಸೋರ್ಸ್ ಮೇಲೆ ಪ್ಯಾನ್‌ಕೇಕ್ ಜಿಎಂ ಪ್ರೋಬ್ (ಗೈಗರ್ ಮೀಟರಿನ ಚಪ್ಪಟೆ ಸಂವೇದಕ) ಹಿಡಿದೆ. ಬ್ಯಾಕ್‌ಗ್ರೌಂಡ್ (ಸುತ್ತಲಿನ ಸಹಜ ವಿಕಿರಣ) ಕಳೆದು ಸೆಕೆಂಡಿಗೆ 230 ಕೌಂಟ್ ಬಂತು, ಅಂದರೆ ದಕ್ಷತೆ ಶೇ 46. ಕೈಪಿಡಿಯಲ್ಲಿ ಶೇ 22 ಎಂದಿದೆ. ನನ್ನ ಮೀಟರ್ ಅಷ್ಟು ಒಳ್ಳೆಯದೇ?

ಉತ್ತರ: ಅಲ್ಲ. ಅಂಕಿಗಳಷ್ಟೇ ಬದಲಾಗಿ ಇದೇ ಪತ್ರ ಮತ್ತೆ ಮತ್ತೆ ಬರುತ್ತಿದೆ. ಸ್ಟ್ರಾಂಷಿಯಂ ಕ್ಷಯಿಸಿದರೆ ಇಟ್ರಿಯಂ-90. ಅದರ ಅರ್ಧಾಯು 64 ಗಂಟೆ, ಹಾಗಾಗಿ ಹಳೆಯ ಸೋರ್ಸ್‌ನಲ್ಲಿ ಎರಡರ ಬೆಕೆರೆಲ್ ಅಂಕಿಯೂ ಸಮಸಮ ಇರುತ್ತದೆ. ಸೋರ್ಸ್‌ನ ಪ್ರಮಾಣಪತ್ರದ 500 ಸಾಮಾನ್ಯವಾಗಿ ಸ್ಟ್ರಾಂಷಿಯಂನದು ಮಾತ್ರ. ಎರಡೂ ಸೇರಿ ಸೆಕೆಂಡಿಗೆ ಹೊರಡುವ ಬೀಟಾ ಕಣಗಳು (ವೇಗದ ಎಲೆಕ್ಟ್ರಾನ್‌ಗಳು) 1000. ಈಗ ಭಾಗಿಸಿ: ಶೇ 23. ಪ್ರಮಾಣಪತ್ರದ ದಿನಾಂಕವನ್ನೂ ನೋಡಿ. ಹತ್ತು ವರ್ಷ ಹಳೆಯದಾದರೆ ಸೋರ್ಸ್ ಐದನೇ ಒಂದು ಭಾಗ ಸವೆದಿರುತ್ತದೆ.

ಇನ್ನು ಕೆಲವರು ಬೆಕೆರೆಲ್ ಬಿಟ್ಟು ‘ಮೇಲ್ಮೈ ಹೊರಸೂಸುವಿಕೆ’ಯ (ಸೋರ್ಸ್‌ನ ಮೇಲ್ಬದಿಯಿಂದ ಸೆಕೆಂಡಿಗೆ ಹೊರಬರುವ ಕಣಗಳ) ಅಂಕಿಯಿಂದ ಭಾಗಿಸುತ್ತಾರೆ. ಅದು ತಪ್ಪಲ್ಲ, ಆದರೆ ಸಿಗುವುದು ಬೇರೆಯೇ ದಕ್ಷತೆ. ಕೆಳಮುಖವಾಗಿ ಹೊರಟ ಕಣಗಳು ಪ್ರೋಬಿಗೆ ಕಾಣುವುದಿಲ್ಲ, ಲೋಹದ ತಟ್ಟೆಗೆ ಬಡಿದು ವಾಪಸಾದ ಕೆಲವನ್ನು ಬಿಟ್ಟರೆ. ಐಎಸ್‌ಒ 7503 ಎಂಬ ಅಂತರರಾಷ್ಟ್ರೀಯ ಮಾನದಂಡ ಉಪಕರಣದ ದಕ್ಷತೆಯನ್ನೂ ಸೋರ್ಸ್‌ನ ದಕ್ಷತೆಯನ್ನೂ ಬೇರೆ ಬೇರೆ ಇಟ್ಟಿರುವುದು ಇದಕ್ಕೇ. ವರದಿಯಲ್ಲಿ ಯಾವುದರಿಂದ ಭಾಗಿಸಿದಿರಿ ಎಂದು ಬರೆಯದಿದ್ದರೆ ಆ ಶೇಕಡಾ ನನಗೆ ಬೇಡ.

ಆಮೇಲೆ, ಈ 23 ಸ್ಟ್ರಾಂಷಿಯಂಗೆ ಮಾತ್ರ. ಇಟ್ರಿಯಂ ಬೀಟಾದ ಗರಿಷ್ಠ ಶಕ್ತಿ 2.28 ಎಂಇವಿ (ಕಣದ ಶಕ್ತಿಯ ಅಳತೆ); ಕಾರ್ಬನ್-14ರದ್ದು 0.156. ಗಾಳಿ, ಪ್ರೋಬಿನ ಮೈಕಾ ಕಿಟಕಿ ಎರಡೂ ಕಾರ್ಬನ್ನಿನ ಬೀಟಾವನ್ನು ತಿನ್ನುತ್ತವೆ, ಉಳಿಯುವ ದಕ್ಷತೆ ಶೇ 5ರ ಆಸುಪಾಸು. ಪ್ರೋಬ್ ಗಲೀಜಾಗದಿರಲೆಂದು ಪ್ಲಾಸ್ಟಿಕ್ ಚೀಲ ತೊಡಿಸಿದಿರೋ, ಇನ್ನೂ ಕಡಿಮೆ. ಹುಡುಕುವ ಐಸೋಟೋಪ್‌ಗೆ ಹತ್ತಿರದ ಶಕ್ತಿಯ ಸೋರ್ಸ್‌ನಿಂದಲೇ ಅಳೆಯಿರಿ. ದೂರವನ್ನು ಕೈಯಂದಾಜಿಗೆ ಬಿಡದೆ ಸ್ಪೇಸರ್ ಹಾಕಿ. ಯಾವ ಐಸೋಟೋಪ್ ಎಂದು ಗೊತ್ತಿಲ್ಲದಾಗ ನಾನಂತೂ ಅತಿ ಕಡಿಮೆ ದಕ್ಷತೆಯನ್ನೇ ಹಿಡಿಯುತ್ತೇನೆ. ಅಂಜುಬುರುಕ ಅನ್ನುವವರು ಅನ್ನಲಿ.

ಪ್ರಶ್ನೆ: ಇದೇ ಮೀಟರಿನಲ್ಲಿ ಟ್ರಿಟಿಯಂ (ತೀರಾ ದುರ್ಬಲ ಬೀಟಾ ಸೂಸುವ ಹೈಡ್ರೋಜನ್) ಅಳೆಯಬಹುದೇ?

ಉತ್ತರ: ಇಲ್ಲ. ಒರೆಸಿ ತೆಗೆದ ಸ್ಯಾಂಪಲ್ಲು, ದ್ರವ ಸಿಂಟಿಲೇಶನ್ ಕೌಂಟರ್ (ದ್ರವದಲ್ಲಿ ಬೆರೆಸಿದ ಸ್ಯಾಂಪಲ್ಲಿನ ಬೆಳಕಿನ ಮಿಂಚುಗಳನ್ನು ಎಣಿಸುವ ಯಂತ್ರ). ಬೇರೆ ದಾರಿ ಹುಡುಕಬೇಡಿ.

ಪ್ರಶ್ನೆ: ಬೀಟಾ ಸೋರ್ಸ್ ಮೇಲೆ ಮೀಟರ್ ಮೈಕ್ರೋಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ತೋರಿಸುತ್ತದಲ್ಲ?

ಉತ್ತರ: ಸೀಸಿಯಂ-137ರ ಗಾಮಾಗೆ ಹೊಂದಿಸಿದ ಸ್ಕೇಲ್ ಅದು. ಬೀಟಾಗೆ ಕೌಂಟ್ ಓದಿ.

ಪ್ರಶ್ನೆ: ವಿಕಿರಣ ತಡೆಯುವ ‘ನೆಗೆಟಿವ್ ಅಯಾನ್’ ಪದಕ ಕೊಳ್ಳಲೇ?

ಉತ್ತರ: 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ವಿಕಿರಣ ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಸರಕುಗಳನ್ನು ಹೆಸರಿಸಿ ಧರಿಸಬೇಡಿ ಎಂದಿತು. ಅವೇ ವಿಕಿರಣ ಸೂಸುತ್ತಿದ್ದವು. ಮಾರುವವನ ಮುಂದೆಯೇ ಪ್ರೋಬ್ ಹಿಡಿದು ನೋಡಿ.