ಮಾತ್ರೆ ನುಂಗಿದರೂ ಉರಿಮೂತ್ರ ಮರಳಿ ಬರುವುದೇಕೆ?

ಪ್ರಶ್ನೆ: ನನಗೆ 41 ವರ್ಷ, ಶಾಲಾ ಶಿಕ್ಷಕಿ. ಒಂದೇ ವರ್ಷದಲ್ಲಿ ಮೂರು ಸಲ ಉರಿಮೂತ್ರ ಬಂದಿದೆ. ಮಾತ್ರೆ ತಗೊಂಡರೆ ಎರಡು ದಿನದಲ್ಲಿ ಹಾಯೆನಿಸುತ್ತದೆ, ಕೆಲವು ತಿಂಗಳಿಗೆ ಮತ್ತೆ ಶುರು. ಬ್ಯಾಕ್ಟೀರಿಯ ಮೂತ್ರಕೋಶಕ್ಕೆ ಅಂಟಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಮೂತ್ರದ ಜೊತೆ ಕೊಚ್ಚಿ ಹೋಗದೆ ಹೇಗೆ ಅಂಟುತ್ತದೆ? ನಮ್ಮ ಬೋರ್‌ವೆಲ್ ನೀರು ಕಾರಣವೆ? ಮ್ಯಾನೋಸ್ ಪುಡಿ ತರಿಸಿಕೊಳ್ಳಲೆ?
– ಹೆಸರು ಬೇಡ, ಹಿರಿಯೂರು

ಉತ್ತರ (ಸೂಕ್ಷ್ಮಾಣುಜೀವಿ ತಜ್ಞೆ, ದಾವಣಗೆರೆ): ಬೋರ್‌ವೆಲ್ ನೀರಿನ ಮಾತು ಮೊದಲು ಮುಗಿಸೋಣ. ಚಿತ್ರದುರ್ಗ ಸೀಮೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ, ನಿಜ. ಅದರ ಪೆಟ್ಟು ಹಲ್ಲಿಗೆ, ಮೂಳೆಗೆ. ಈ ಸೋಂಕಿಗೆ ಅದು ಕಾರಣವಲ್ಲ. ಮೂತ್ರದ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇ. ಕೋಲೈ ಬ್ಯಾಕ್ಟೀರಿಯದಿಂದ ಬರುತ್ತವೆ, ಅದು ಬಹುತೇಕ ನಮ್ಮದೇ ಕರುಳಿನಲ್ಲಿದ್ದದ್ದು. ಹೆಂಗಸರ ಮೂತ್ರನಾಳ ಮೂರು–ನಾಲ್ಕು ಸೆಂಟಿಮೀಟರ್ ಅಷ್ಟೇ. ಮೇಲಕ್ಕೆ ಹತ್ತಲು ಅದಕ್ಕೆ ದೂರವೇನಿಲ್ಲ.

ಈಗ ಅಂಟುವ ವಿಷಯ. ಇ. ಕೋಲೈ ಮೈಮೇಲೆ ಪಿಲೈ ಎಂಬ ನೂರಾರು ಸೂಕ್ಷ್ಮ ರೋಮಗಳಿರುತ್ತವೆ. ಅವುಗಳ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್. ಮೂತ್ರಕೋಶದ ಒಳಪದರದ ಜೀವಕೋಶಗಳ ಮೇಲೆ ಮ್ಯಾನೋಸ್ ಎಂಬ ಸಕ್ಕರೆಯಿದೆ. ಫಿಮ್‌ಎಚ್ ಹಿಡಿಯುವುದು ಅದನ್ನೇ. ಈ ಹಿಡಿತ ಜೀರುಗುಣಿಕೆಯ ಹಾಗೆ: ಸುಮ್ಮನಿದ್ದರೆ ಸಡಿಲ, ಹರಿವು ಎಳೆದರೆ ಬಿಗಿ. ಮೂತ್ರದ ರಭಸಕ್ಕೆ ಕಿತ್ತುಹೋಗದಿರಲು ಇದೇ ಕಾರಣ. ಇಷ್ಟಕ್ಕೇ ಮುಗಿಯುವುದಿಲ್ಲ. ಅಂಟಿದವುಗಳಲ್ಲಿ ಕೆಲವು ಜೀವಕೋಶದ ಒಳಕ್ಕೇ ನುಗ್ಗಿ ಗುಂಪುಗಟ್ಟುತ್ತವೆ. ಅಲ್ಲಿಗೆ ಮೂತ್ರ ತಾಕುವುದಿಲ್ಲ, ಎಷ್ಟೋ ಆ್ಯಂಟಿಬಯೋಟಿಕ್‌ಗಳೂ ಸರಿಯಾಗಿ ತಲುಪುವುದಿಲ್ಲ. ಸೋಂಕು ಮರುಕಳಿಸಲು ಇದೊಂದು ದಾರಿ. ಕರುಳಿನಿಂದ ಹೊಸದಾಗಿ ಬರುವುದು ಇನ್ನೊಂದು.

ಹಾಗಾದರೆ ನೀರು ಕುಡಿದು ಏನು ಪ್ರಯೋಜನ ಎಂದು ನೀವು ಕೇಳಬಹುದು. ನೀರು ಅಂಟಿದ್ದನ್ನು ಕೀಳುವುದಿಲ್ಲ, ಇನ್ನೂ ಅಂಟದೆ ತೇಲುತ್ತಿರುವುದನ್ನು ಹೊರಗೆ ಕಳಿಸುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 140 ಹೆಂಗಸರನ್ನು ಆರಿಸಿಕೊಂಡಿತ್ತು. ಎಲ್ಲರಿಗೂ ಪದೇಪದೇ ಸೋಂಕು, ಎಲ್ಲರೂ ನೀರು ಕಡಿಮೆ ಕುಡಿಯುವವರು. ಅರ್ಧ ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾದರೆ, ಉಳಿದವರಿಗೆ 3.2 ಸಲ. ಇಷ್ಟು ಅಗ್ಗದ ಔಷಧಿ ಬೇರೆ ಇಲ್ಲ. ಬಾರ್ಲಿ ನೀರು, ಮಜ್ಜಿಗೆ, ಎಳನೀರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ನೀರು ಹೆಚ್ಚಿಸಬೇಕು.

ಆದರೆ ನಮ್ಮ ಬಯಲುಸೀಮೆಯ ಶಿಕ್ಷಕಿಯರ ಕಷ್ಟ ನನಗೆ ಗೊತ್ತು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಇಲ್ಲವೇ ಬಾಗಿಲಿಗೆ ಚಿಲಕವಿಲ್ಲ. ಅದಕ್ಕೆ ಹೆದರಿ ಏಪ್ರಿಲ್ ಬಿಸಿಲಲ್ಲೂ ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ, ಸಂಜೆ ಬಸ್ಸಿಳಿದು ಮನೆ ಸೇರುವವರೆಗೂ ತಡೆದುಕೊಳ್ಳುತ್ತಾರೆ. ಅನುಕೂಲ ಸಿಕ್ಕರೆ ಈ ಬ್ಯಾಕ್ಟೀರಿಯ ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲದು. ಕಟ್ಟಿಕೊಂಡ ಮೂತ್ರ ಅದಕ್ಕೆ ಕೊಟ್ಟ ಬಿಡುವು. ನಾಲ್ಕೈದು ಜನ ಸೇರಿ ಶೌಚಾಲಯ ಸರಿಮಾಡಿಸಿ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಹೆಣ್ಣುಮಕ್ಕಳಿಗೂ ಅದು ಬೇಕು.

ಮ್ಯಾನೋಸ್ ಪುಡಿಯ ಹಿಂದಿನ ಯೋಚನೆ ಸೊಗಸಾದದ್ದೇ. ನಮ್ಮ ಕಿಡ್ನಿಗಳು ಯೂರೋಮಾಡ್ಯುಲಿನ್ ಎಂಬ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತವೆ. ಅದರ ಮೇಲೂ ಮ್ಯಾನೋಸ್ ಇರುವುದರಿಂದ ಬ್ಯಾಕ್ಟೀರಿಯ ಮೂತ್ರಕೋಶದ ಬದಲು ಅದನ್ನೇ ಹಿಡಿದು ಹೊರಬೀಳುತ್ತದೆ. ಪುಡಿಯೂ ಹೀಗೇ ದಾರಿ ತಪ್ಪಿಸಲಿ ಎಂಬ ಆಸೆ. ಆದರೆ 2024ರಲ್ಲಿ ಬ್ರಿಟನ್ನಿನ 598 ಹೆಂಗಸರ ಮೇಲಿನ ಅಧ್ಯಯನದಲ್ಲಿ, ಆರು ತಿಂಗಳು ದಿನಾ ತಗೊಂಡರೂ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ದುಡ್ಡು ಉಳಿಸಿಕೊಳ್ಳಿ. ಕ್ರ್ಯಾನ್‌ಬೆರಿ ಎಂಬ ಹುಳಿಹಣ್ಣಿಗೆ ಇದಕ್ಕಿಂತ ಒಳ್ಳೆಯ ಪುರಾವೆಯಿದೆ, ಆದರೆ ಸಕ್ಕರೆ ಸುರಿದ ಬಾಟಲಿ ಜ್ಯೂಸ್ ಬೇಡ. ಮುಟ್ಟು ನಿಂತ ಮೇಲೆ ಸೋಂಕು ಮರುಕಳಿಸುವವರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ.

ಮುಂದಿನ ಸಲ ಉರಿ ಶುರುವಾದರೆ ಮಾತ್ರೆಗೆ ಮೊದಲು ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿ. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಬಾಟಲಿಗೆ ಹಿಡಿದು, ಕೂಡಲೇ ಲ್ಯಾಬಿಗೆ ಮುಟ್ಟಿಸಿ. ಚೀಲದಲ್ಲಿಟ್ಟು ಮಧ್ಯಾಹ್ನದವರೆಗೆ ಓಡಾಡಿದರೆ ಅದರೊಳಗೇ ಬ್ಯಾಕ್ಟೀರಿಯ ಬೆಳೆದು ವರದಿ ಕೆಡುತ್ತದೆ. ಮರುದಿನ ಬೆಳಿಗ್ಗೆ ನಾವು ತಟ್ಟೆ ತೆರೆದಾಗ ಇ. ಕೋಲೈ ಗುಲಾಬಿ ಬಣ್ಣದ ಚುಕ್ಕಿಗಳಾಗಿ ಎದ್ದಿರುತ್ತದೆ. ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ಅದಾದ ಮರುದಿನದೊಳಗೆ ಹೇಳಬಹುದು. ಕಳೆದ ಸಲ ಉಳಿದ ಅರ್ಧ ಸ್ಟ್ರಿಪ್ ಮಾತ್ರೆಯನ್ನು ದಯವಿಟ್ಟು ನುಂಗಬೇಡಿ. ವರ್ಷಕ್ಕೆ ಮೂರು ಸಲ ಆಗಿರುವುದರಿಂದ ಒಮ್ಮೆ ಸಕ್ಕರೆ ಕಾಯಿಲೆ ಪರೀಕ್ಷೆಯನ್ನೂ, ಡಾಕ್ಟರು ಹೇಳಿದರೆ ಹೊಟ್ಟೆಯ ಸ್ಕ್ಯಾನಿಂಗನ್ನೂ ಮಾಡಿಸಿ.

ಚಳಿಜ್ವರ, ಪಕ್ಕೆನೋವು, ವಾಂತಿ ಜೊತೆಗೂಡಿದರೆ ಸೋಂಕು ಕಿಡ್ನಿಗೆ ಏರಿದೆ ಎಂದು ತಿಳಿದು ಅಂದೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಾದರೂ ಬಸುರಿಯಿದ್ದು ಉರಿಮೂತ್ರ ಎಂದರೆ, ಜ್ವರ ಇಲ್ಲದಿದ್ದರೂ ತಡಮಾಡದೆ ತೋರಿಸಿ.