ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯನ್ನು ಕಲಿಸುವ ಕೋರ್ಸ್ ತಯಾರಿಸಿದ್ದೇನೆ, ಅದನ್ನು ಮಾರುವ ಪುಟ ನೋಡಿದವರು ಕೊಳ್ಳುತ್ತಿಲ್ಲ. ಏನು ಬರೆಯಬೇಕು?

ನಿಮ್ಮ ಪ್ರಶ್ನೆ ಓದಿದೆ, ಕೊಂಡಿ ಒತ್ತಿ ಪುಟವನ್ನೂ ನೋಡಿದೆ. ಕನ್ನಡದಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ ಕಲಿಸುವ 41 ಪಾಠಗಳು, ಬೆಲೆ 1,999 ರೂಪಾಯಿ, ತಲೆಬರಹ ‘30 ದಿನಗಳಲ್ಲಿ ಟ್ಯಾಲಿ ಮಾಸ್ಟರ್ ಆಗಿ!’, ಎರಡು ತಿಂಗಳಲ್ಲಿ ಕೊಂಡವರು ಏಳೇ ಜನ. ಬೆಲೆ ಇಳಿಸಬೇಕೇ ಎಂದು ಕೇಳಿದ್ದೀರಿ. ಬೆಲೆಗೆ ಸದ್ಯಕ್ಕೆ ಕೈ ಹಾಕಬೇಡಿ. ಮೊದಲು ಆ ತಲೆಬರಹ ತೆಗೆಯಿರಿ.

ನಾನು ಟ್ಯಾಲಿಯವಳಲ್ಲ, ಬ್ಲೌಸ್ ಹೊಲಿಗೆ ಕಲಿಸುವವಳು. ಮನೆಯ ಮುಂದಿನ ಕೋಣೆಯಲ್ಲಿ ನಡೆಯುತ್ತಿದ್ದ ತರಗತಿ 2020ರ ಲಾಕ್‌ಡೌನಿನಲ್ಲಿ ನಿಂತುಹೋಯಿತು. ಬೇರೆ ದಾರಿ ಕಾಣದೆ ವಿಡಿಯೊ ಮಾಡಿ ಮಾರಲು ಹೊರಟೆ. ಪುಟ ಬರೆದುಕೊಡಲು ಒಬ್ಬರಿಗೆ ದುಡ್ಡು ಕೊಟ್ಟೆ. ಅವರು ಬರೆದದ್ದು: ‘ನಿಮ್ಮೊಳಗಿನ ಫ್ಯಾಷನ್ ಡಿಸೈನರ್‌ಗೆ ರೆಕ್ಕೆ ಕೊಡಿ’. ನನ್ನ ಹತ್ತಿರ ಬರುವವರಿಗೆ ರೆಕ್ಕೆ ಬೇಕಿರಲಿಲ್ಲ, ತೋಳು ಸರಿಯಾಗಿ ಕೂರಬೇಕಿತ್ತು. ಆ ಪುಟ ನೋಡಿ ಮೂರು ತಿಂಗಳಲ್ಲಿ ಸೇರಿದವರು ನಾಲ್ವರು. ಅವರಲ್ಲಿ ಇಬ್ಬರು ನನ್ನ ನಾದಿನಿಯ ಗೆಳತಿಯರು.

ಆಮೇಲೆ ಒಂದು ಮಧ್ಯಾಹ್ನ ಕುಳಿತು, ಹಳೆಯ ವಿದ್ಯಾರ್ಥಿನಿಯರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಸಂದೇಶಗಳನ್ನೆಲ್ಲ ಓದಿದೆ. ಧ್ವನಿ ಸಂದೇಶಗಳನ್ನು ಕೇಳಿ, ಅವರ ಮಾತನ್ನು ಅವರದೇ ಪದಗಳಲ್ಲಿ ನೋಟ್‌ಪುಸ್ತಕಕ್ಕೆ ಇಳಿಸಿದೆ. ಒಂದು ದೂರು ಹನ್ನೊಂದು ಸಲ ಬಂದಿತ್ತು: ‘ಮೇಡಂ, ಕೈ ಎತ್ತಿದರೆ ಬ್ಲೌಸ್ ಪೂರ್ತಿ ಮೇಲೆ ಬರುತ್ತದೆ.’ ಪ್ಯಾಟರ್ನ್ ಡ್ರಾಫ್ಟಿಂಗ್ (ಅಳತೆಗೆ ತಕ್ಕಂತೆ ನಕ್ಷೆ ಬಿಡಿಸುವುದು) ಕಲಿಯಬೇಕು ಎಂದು ಒಬ್ಬರೂ ಹೇಳಿರಲಿಲ್ಲ. ಅವರ ಮಾತನ್ನೇ ತಲೆಬರಹ ಮಾಡಿದೆ: ‘ಕೈ ಎತ್ತಿದರೂ ಮೇಲೇಳದ ಬ್ಲೌಸ್ ಹೊಲಿಯಲು ಕಲಿಯಿರಿ’.

ಅದರ ಕೆಳಗೇ ಕಾರಣವನ್ನೂ ಬಿಟ್ಟಿಯಾಗಿ ಹೇಳಿಬಿಟ್ಟೆ. ಬಿಗಿಯಾದೀತು ಎಂಬ ಭಯಕ್ಕೆ ಹೆಚ್ಚಿನವರು ತೋಳು ಕೂರುವ ತಿರುವನ್ನು, ಅಂದರೆ ಆರ್ಮ್‌ಹೋಲನ್ನು, ಇನ್ನಷ್ಟು ಕೆಳಕ್ಕೆ ಕತ್ತರಿಸುತ್ತಾರೆ. ಕೆಳಗಿಳಿದಷ್ಟೂ ತೋಳು ಪಕ್ಕದ ಹೊಲಿಗೆಯನ್ನು ಜಗ್ಗುತ್ತದೆ, ಕೈಯ ಜೊತೆ ಬ್ಲೌಸೂ ಏಳುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿದ್ದರೆ ಕೈ ಸಲೀಸಾಗಿ ಆಡುತ್ತದೆ. ಪಕ್ಕದಲ್ಲಿ ಎರಡು ಫೋಟೊ ಹಾಕಿದೆ: ಅದೇ ಬಟ್ಟೆ, ಅದೇ ಹುಡುಗಿ, ಎರಡರಲ್ಲೂ ಕೈ ಮೇಲೆ. ಗುಟ್ಟನ್ನೇ ಹೇಳಿಬಿಟ್ಟರೆ ಇನ್ನು ಯಾರು ಕೊಳ್ಳುತ್ತಾರೆ ಎಂದು ನಮ್ಮ ಯಜಮಾನರು ಗೊಣಗಿದರು. ಕಾರಣ ತಿಳಿದ ಮಾತ್ರಕ್ಕೆ ಕತ್ತರಿ ಓಡುವುದಿಲ್ಲ. ಎಷ್ಟು ಇಂಚು, ಯಾವ ಮೈಕಟ್ಟಿಗೆ, ತಿರುವು ಎಲ್ಲಿಂದ ಎಂಬುದೆಲ್ಲ ಉಳಿದೇ ಇರುತ್ತದೆ. ಆದರೆ ‘ಇವರಿಗೆ ಕೆಲಸ ಗೊತ್ತಿದೆ’ ಎಂದು ಓದುವವರಿಗೆ ಅನ್ನಿಸುವುದು ಆ ನಾಲ್ಕು ಸಾಲಿನಲ್ಲೇ. ಹೊಸ ಪುಟದಿಂದ ನಾನೇನೂ ಲಕ್ಷಾಧೀಶ್ವರಿ ಆಗಲಿಲ್ಲ. ತಿಂಗಳಿಗೆ ಹದಿನೈದು ಇಪ್ಪತ್ತು ಜನ ಸೇರತೊಡಗಿದರು, ಅವರಲ್ಲಿ ನಾದಿನಿಯ ಕಡೆಯವರು ಯಾರೂ ಇರಲಿಲ್ಲ.

ನಿಮ್ಮಲ್ಲಿ ಆ ಮಾತು ಯಾವುದು? ನನ್ನ ತಮ್ಮ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಹಾಗಾಗಿ ಸ್ವಲ್ಪ ಊಹಿಸಬಲ್ಲೆ. ರಾತ್ರಿ ಒಂಬತ್ತಾದರೂ ಅವನನ್ನು ಮನೆಗೆ ಬಿಡದಿರುವುದು ಡೆಬಿಟ್ ಕ್ರೆಡಿಟ್ ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸಿನಲ್ಲಿ ಇಣುಕುವ ‘ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್’ ಎಂಬ ಸಾಲು, ಅಂದರೆ ಆರಂಭದ ಬಾಕಿಗಳೇ ತಾಳೆಯಾಗುತ್ತಿಲ್ಲ ಎಂಬ ಸೂಚನೆ. ಇನ್ನೊಂದು, ಖರೀದಿ ಬಿಲ್ ಕೈಯಲ್ಲಿದ್ದರೂ, ಯಾವ ಖರೀದಿಯ ತೆರಿಗೆ ನಮಗೆ ಜಮೆಯಾಗುತ್ತದೆ ಎಂದು ತೋರಿಸುವ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣದಿರುವುದು. ಮಾರಿದವರು ತಮ್ಮ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ ಹಾಕದಿದ್ದರೆ ಇಲ್ಲಿ ಬರುವುದೇ ಇಲ್ಲವಂತೆ. ಆದರೂ ಸಾಹುಕಾರರ ಹತ್ತಿರ ಬೈಸಿಕೊಳ್ಳುವವನು ಇವನು. ಅಂಥವನಿಗೆ ಮಾಸ್ಟರ್ ಆಗುವ ಆಸೆಯೇನೂ ಇಲ್ಲ. ‘ಖರೀದಿ ಬಿಲ್ 2ಬಿಯಲ್ಲಿ ಕಾಣುತ್ತಿಲ್ಲವೇ? ಎಲ್ಲಿ ಹುಡುಕಬೇಕು, ಯಾರನ್ನು ಕೇಳಬೇಕು, ಟ್ಯಾಲಿಯಲ್ಲಿ ಹೇಗೆ ಹೊಂದಿಸಬೇಕು’ ಎಂದು ಕಂಡರೆ ಮೊಬೈಲ್ ಮೇಲೆ ಜಾರುವ ಅವನ ಬೆರಳು ನಿಲ್ಲುತ್ತದೆ.

ಇದು ನನ್ನ ಊಹೆ. ನಿಮ್ಮ ಹತ್ತಿರ ಊಹೆಗಿಂತ ಒಳ್ಳೆಯದಿದೆ: ಕೊಂಡ ಆ ಏಳು ಜನ. ಅವರಿಗೆ ಫೋನ್ ಮಾಡಿ. ಕೋರ್ಸ್ ಹೇಗಿದೆ ಎಂದು ಕೇಳಬೇಡಿ, ‘ಚೆನ್ನಾಗಿದೆ ಸರ್’ ಎಂದು ಮುಗಿಸುತ್ತಾರೆ. ಕೊಂಡ ದಿನ, ಅಥವಾ ಅದರ ಹಿಂದಿನ ದಿನ, ಕೆಲಸದಲ್ಲಿ ಏನಾಗಿತ್ತು ಎಂದು ಕೇಳಿ. ಅವರು ಹೇಳುವುದನ್ನು ತಿದ್ದದೆ ಬರೆದುಕೊಳ್ಳಿ.

ಪಾಠಗಳ ಪಟ್ಟಿ ಪುಟದ ಅರ್ಧ ನುಂಗಿದೆ. ‘ಪಾಠ 17: ವೋಚರ್ ಟೈಪ್ಸ್’ ಎಂದು ಓದಿ ಯಾರೂ ಹಣ ಕೊಡುವುದಿಲ್ಲ. ಅದನ್ನು ಕೊನೆಗೆ ತಳ್ಳಿ, ಒತ್ತಿದರೆ ಮಾತ್ರ ತೆರೆದುಕೊಳ್ಳುವಂತೆ ಮಾಡಿ.

ಯಾರು ಕೊಳ್ಳಬಾರದು ಎಂಬುದನ್ನೂ ಬರೆಯಿರಿ. ‘ಹೊಲಿಗೆ ಯಂತ್ರವನ್ನು ಒಮ್ಮೆಯೂ ತುಳಿಯದವರು ಈಗಲೇ ಸೇರಬೇಡಿ, ನೇರ ಹೊಲಿಗೆ ಬಂದ ಮೇಲೆ ಬನ್ನಿ’ ಎಂದು ಹಾಕುವಾಗ ನನಗೂ ಎದೆ ಡವಡವ ಎಂದಿತ್ತು. ಹಣ ವಾಪಸ್ ಕೇಳುವವರು ಬಹುತೇಕ ನಿಂತೇಹೋದರು. ಡೆಬಿಟ್ ಕ್ರೆಡಿಟ್ ಗೊತ್ತಿಲ್ಲದವರಿಗೆ ನಿಮ್ಮ ಕೋರ್ಸು ಆಗುತ್ತದೆಯೇ? ಪುಟ ಪೂರ್ತಿ ಓದಿದರೂ ನನಗೆ ತಿಳಿಯಲಿಲ್ಲ.

ಇನ್ನು ಆ ಗಡಿಯಾರ. ‘ಈ ಬೆಲೆ ಇನ್ನು 14 ನಿಮಿಷ ಮಾತ್ರ’ ಎಂದಿತ್ತು. ಅನ್ನಕ್ಕಿಟ್ಟು ಬಂದು ಮತ್ತೆ ತೆರೆದೆ, ಮತ್ತೆ 14 ನಿಮಿಷ. ಲೆಕ್ಕ ಬರೆಯುವವರನ್ನು ಹೀಗೆ ಏಮಾರಿಸಲಾಗುವುದಿಲ್ಲ. ಮೇಲಾಗಿ ಇದು ನಿಯಮಕ್ಕೂ ವಿರುದ್ಧ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಆನ್‌ಲೈನ್ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳನ್ನು, ಪಟ್ಟಿ ಮಾಡಿದೆ, ಸುಳ್ಳು ಆತುರ ಹುಟ್ಟಿಸುವುದು ಅದರಲ್ಲಿ ಮೊದಲನೆಯದು. ಬೆಲೆಯನ್ನು ಪೂರ್ತಿ ಹೇಳದೆ ಹಣ ಕೊಡುವ ಹೊತ್ತಿಗೆ ಏರಿಸುವುದೂ ಆ ಪಟ್ಟಿಯಲ್ಲಿದೆ. ನಿಮ್ಮ 1,999 ಕೊನೆಯ ಪರದೆಯಲ್ಲಿ ಶೇ 18 ತೆರಿಗೆ ಸೇರಿ 2,359 ಆಗುತ್ತದೆ. ಜಿಎಸ್‌ಟಿ ಕಲಿಸುವವರೇ ಹೀಗೆ ಮಾಡಿದರೆ ಹೇಗೆ! ಮೊದಲೇ 2,359 ಎಂದು ಬರೆಯಿರಿ, ‘ತೆರಿಗೆ ಸೇರಿ’ ಎಂದು ಪಕ್ಕದಲ್ಲಿ ಹಾಕಿ.

ಒಂದು ಸಣ್ಣ ವಿಷಯ, ಆದರೆ ನನಗೆ ಕಣ್ಣು ಚುಚ್ಚಿತು. ಈ ಪುಟಗಳ ಅಚ್ಚುಗಳು (ಟೆಂಪ್ಲೇಟ್) ಹೆಚ್ಚಾಗಿ ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದವು, ಸಾಲುಗಳ ನಡುವೆ ಜಾಗ ಸಾಲುವುದಿಲ್ಲ. ಮೊಬೈಲಿನಲ್ಲಿ ನಿಮ್ಮ ತಲೆಬರಹ ಮೂರು ಸಾಲಾಗಿ ಒಡೆದು, ‘ಮಾಸ್ಟರ್’ನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕುಳಿತಿದೆ. ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಮಾಡಿ. ಪ್ರಕಟಿಸುವ ಮೊದಲು ಯಾವುದಾದರೂ ಹಳೆಯ, ಕಡಿಮೆ ಬೆಲೆಯ ಫೋನಿನಲ್ಲಿ ತೆರೆದು ನೋಡಿ, ಕೊಳ್ಳುವವರ ಕೈಯಲ್ಲಿ ಇರುವುದು ಹೆಚ್ಚಾಗಿ ಅದೇ.

ಫೋನ್ ಮಾಡುವುದಾದರೆ ಸಂಜೆ ಏಳರ ನಂತರ ಮಾಡಿ, ತಿಂಗಳ ಹದಿನೆಂಟರಿಂದ ಇಪ್ಪತ್ತನೇ ತಾರೀಖಿನವರೆಗೆ ಮಾತ್ರ ಬೇಡ. ತಿಂಗಳ ಜಿಎಸ್‌ಟಿ ಲೆಕ್ಕವಾದ 3ಬಿ ತುಂಬುವ ಆ ದಿನಗಳಲ್ಲಿ ನನ್ನ ತಮ್ಮ ಅಮ್ಮನ ಫೋನನ್ನೂ ಎತ್ತುವುದಿಲ್ಲ.