ಪೈಥಾನ್: ಕೊನೆಯ ಬೈಟ್ ಸೀರಿಯಲ್ ಪೋರ್ಟ್ ಬಿಟ್ಟು ಹೊರಟಿತೇ ಎಂದು ತಿಳಿಯುವುದು ಹೇಗೆ?

ಪೈಥಾನ್‌ನಿಂದ ಸೀರಿಯಲ್ ಪೋರ್ಟ್ ಬಳಸಲು ಇರುವ ಲೈಬ್ರರಿ ಪೈಸೀರಿಯಲ್‌ನಲ್ಲಿ ರೈಟ್ ಸರಿಯಾದ ಬೈಟ್ ಸಂಖ್ಯೆಯನ್ನೇ ಹೇಳಿದರೂ ಸಂದೇಶದ ಬಾಲ ತುಂಡಾಗುತ್ತಿದೆ, ಕಳುಹಿಸಲು ಬಾಕಿಯಿರುವ ಬೈಟ್‌ಗಳ ಲೆಕ್ಕ ಹೇಳುವ ಔಟ್_ವೇಟಿಂಗ್ ಸೊನ್ನೆಯಾಗುವವರೆಗೆ ಕಾದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಅದನ್ನೇ ನಂಬಿ ಪೆಟ್ಟು ತಿಂದವನು ನಾನು.

ಕಬ್ಬಿನ ಹಂಗಾಮಿನಲ್ಲಿ ಮುಧೋಳದ ಬಳಿಯ, ಕಬ್ಬಿನ ಗಾಡಿ ತೂಗುವ ಕಾಟಾ ಒಂದಕ್ಕೆ ಪ್ರೋಗ್ರಾಂ ಬರೆದಿದ್ದೆ. ತೂಕವನ್ನು ಹೊರಗಿನ ದೊಡ್ಡ ಫಲಕಕ್ಕೆ ಆರ್‌ಎಸ್-485 ತಂತಿಯಲ್ಲಿ ಕಳುಹಿಸುವ ಕೆಲಸ. ಆ ತಂತಿಯಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು, ಹಾಗಾಗಿ ಕಳುಹಿಸುವಾಗ ಆರ್‌ಟಿಎಸ್ (ದಿಕ್ಕು ಬದಲಿಸುವ ಸಂಕೇತ) ಏರಿಸಬೇಕು, ಮುಗಿದ ಮೇಲೆ ಇಳಿಸಬೇಕು. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಬೈಟ್‌ಗೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು, ಹಾಗಾಗಿ ನನ್ನ 12 ಬೈಟ್‌ನ ಸಂದೇಶಕ್ಕೆ 12 ಮಿಲಿಸೆಕೆಂಡು ಕಾದು ಇಳಿಸಿದೆ. ಆದರೆ ಸ್ಟಾರ್ಟ್, ಸ್ಟಾಪ್ ಬಿಟ್ ಸೇರಿ ಬೈಟ್‌ಗೆ 10 ಬಿಟ್. ನಿಜಕ್ಕೂ ಬೇಕಾದದ್ದು 12.5. ಆ ಅರ್ಧ ಮಿಲಿಸೆಕೆಂಡಿಗೆ ಬಲಿಯಾದದ್ದು ಸಾಲು ಮುಗಿಯಿತೆಂದು ಹೇಳುವ ಕೊನೆಯ ಬೈಟ್. ಅದು ಬಾರದಿದ್ದಾಗ ಫಲಕದ ಮೇಲೆ ಹಿಂದಿನ ಟ್ರ್ಯಾಕ್ಟರಿನ ತೂಕವೇ ನಿಂತಿರುತ್ತಿತ್ತು. ಕಾಟಾ ಎಂದರೇ ಅನುಮಾನಪಡುವ ರೈತರಿಗೆ ಸ್ಟಾಪ್ ಬಿಟ್ ಕಥೆ ಹೇಳಿ ನೋಡಿ!

ಆಮೇಲೆ ಔಟ್_ವೇಟಿಂಗ್ ನೋಡಿಕೊಂಡು ಇಳಿಸುವಂತೆ ಬದಲಿಸಿದೆ. ಇನ್ನೂ ಕೆಟ್ಟಿತು. ಅದು ಎಣಿಸುವುದು ಆಪರೇಟಿಂಗ್ ಸಿಸ್ಟಂನ ಬಫರಿನಲ್ಲಿ ಉಳಿದದ್ದನ್ನು ಮಾತ್ರ. ಪೋರ್ಟ್ ನಡೆಸುವ 16550ಎ ಮಾದರಿಯ ಚಿಪ್ಪಿನೊಳಗೇ 16 ಬೈಟ್‌ಗೆ ಜಾಗವಿದೆ. ನನ್ನ ಇಡೀ ಸಂದೇಶ ಅಲ್ಲಿ ಕುಳಿತಿರುವಾಗಲೇ ಲೆಕ್ಕ ಸೊನ್ನೆ.

ಲಿನಕ್ಸ್ ಆಗಿದ್ದರೆ ರೈಟ್ ಆದ ಮೇಲೆ ಫ್ಲಶ್ ಕರೆಯಿರಿ. ಅದು ಒಳಗೆ ಟಿಸಿಡ್ರೇನ್ ಎಂಬ ಫಂಕ್ಷನ್ ಬಳಸುತ್ತದೆ. ಕಂಪ್ಯೂಟರಿನದೇ ಪೋರ್ಟ್ ಆದರೆ ಚಿಪ್ ಬರಿದಾಗುವವರೆಗೆ ಕಾಯುತ್ತದೆ. (ರೀಸೆಟ್_ಔಟ್‌ಪುಟ್_ಬಫರ್ ಬೇರೆ, ಅದು ಉಳಿದದ್ದನ್ನು ಎಸೆದುಬಿಡುತ್ತದೆ.) ಕಾಯದೆ ಸ್ಥಿತಿಯನ್ನಷ್ಟೇ ಕೇಳಬೇಕಿದ್ದರೆ ಟಿಐಒಸಿಎಸ್‌ಇಆರ್‌ಜಿಇಟಿಎಲ್‌ಎಸ್‌ಆರ್ ಎಂಬ ಐಒಕಂಟ್ರೋಲ್ (ಡ್ರೈವರಿಗೆ ನೇರವಾಗಿ ಕೊಡುವ ಆದೇಶ) ಇದೆ, ಹೆಸರು ಓದುವಷ್ಟರಲ್ಲಿ ಸಂದೇಶ ಹೋಗಿರುತ್ತದೆ. ಫ್ಲಶ್ ತುಸು ತಡವಾಗಿ ಹಿಂದಿರುಗುವುದೂ ಉಂಟು. ಎದುರಿನ ಸಾಧನ ತಕ್ಷಣ ಉತ್ತರಿಸುವಂಥದ್ದಾದರೆ, ಆರ್‌ಟಿಎಸ್ ಇನ್ನೂ ಇಳಿಯದಿರುವುದರಿಂದ ಆ ಉತ್ತರದ ತಲೆ ಹಾರಿಹೋಗುತ್ತದೆ.

ಯುಎಸ್‌ಬಿ ಪರಿವರ್ತಕವಿದ್ದರೆ ಅದರೊಳಗೆ ಮತ್ತೊಂದು ಬಫರ್ ಇರುತ್ತದೆ, ಎಲ್ಲ ಡ್ರೈವರುಗಳೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊನೆಗೆ ನಾನು ದಿಕ್ಕನ್ನು ತಾನೇ ಬದಲಿಸಿಕೊಳ್ಳುವ ಪರಿವರ್ತಕ ಹಾಕಿ ಆರ್‌ಟಿಎಸ್ ಸಾಲುಗಳನ್ನೇ ಅಳಿಸಿದೆ.

ಇಷ್ಟೆಲ್ಲ ಮಾಡಿದರೂ ಗೊತ್ತಾಗುವುದು ಬೈಟ್ ಹೊರಟದ್ದು, ಮುಟ್ಟಿದ್ದಲ್ಲ. ನಿಮ್ಮ ಸಾಧನ ಉತ್ತರ ಕೊಡುವಂಥದ್ದೇ? ಹೌದಾದರೆ ಆ ಉತ್ತರಕ್ಕೇ ಕಾಯಿರಿ, ನಿಗದಿತ ಸಮಯದಲ್ಲಿ ಬಾರದಿದ್ದರೆ ಮತ್ತೆ ಕಳುಹಿಸಿ.